ತೋರಿಸಲಾಗದ ದಿಕ್ಕು

ಅಪ್ಪ,

ಇವತ್ತು ಕೆ.ಆರ್. ಪೇಟೆ ಕಾಲೇಜಲ್ಲಿ ನಾಲ್ಕನೇ ಆಯಾಮದ ಪಾಠ ಮಾಡ್ದೆ. ಮೂರು ಕಡ್ಡೀನ ಒಂದಕ್ಕೊಂದು ಲಂಬವಾಗಿ ಅಂಟಿಸಿ, "ಈ ಮೂರಕ್ಕೂ ಲಂಬವಾಗಿ ಇನ್ನೊಂದು ದಿಕ್ಕು ಐತೆ ಅಂದ್ಕೊಳ್ಳಿ" ಅಂದೆ.

ಭೂಮಿಕ ಅನ್ನೋ ಹುಡುಗಿ ಎದ್ದು, "ಎತ್ತಗೆ ಮಿಸ್? ತೋರ್ಸಿ" ಅಂದ್ಳು.

ಬೋರ್ಡು ತುಂಬ ಲೆಕ್ಕ ಬರೆದೆ.

"ಲೆಕ್ಕ ಸರಿ ಮಿಸ್, ದಿಕ್ಕು ಎತ್ತಗೆ?"

ರೇಗಿಹೋಯ್ತು. "ನಿನ್ ತಲೆಗೆ ಹತ್ತಲ್ಲ, ಕೂತ್ಕೊ" ಅಂದ್ಬುಟ್ಟೆ. ಅವಳ ಮುಖ ಇಳಿದುಹೋಯ್ತು.

ಇಪ್ಪತ್ತು ವರ್ಷದಿಂದ ಕಣ್ಮುಚ್ಚಿ ಹುಡುಕ್ತಾ ಇದೀನಿ, ನನಗೇ ಆ ದಿಕ್ಕು ಕಾಣಲ್ಲಪ್ಪ.

ನಾನು ಎಂಎಸ್ಸಿ ಓದುವಾಗ, ನಾಗಮಂಗಲದ ಮನೆ ಜಗಲೀಲಿ ಬಾಗಿಲ ಚೌಕಟ್ಟು ಮಾಡ್ತಿದ್ದ ನೀನೂ ಉಳಿ ಕೆಳಗಿಟ್ಟು ಇದನ್ನೇ ಕೇಳಿದ್ದೆ. ನಿಂಗೂ ನಾನು ಇದೇ ಮಾತು ಅಂದಿದ್ದೆ. ಸಾಯೋವರೆಗೂ ನೀನು ಮತ್ತೆ ನನ್ನ ಓದಿನ ಬಗ್ಗೆ ಏನೂ ಕೇಳಲಿಲ್ಲ.

ನಾಳೆ ಭೂಮಿಕನ ಪಕ್ಕ ಕೂತು, "ನಂಗೂ ಗೊತ್ತಿಲ್ಲ ಕಣವ್ವ" ಅಂತ ಹೇಳ್ತೀನಿ. ಅವಳಾದ್ರೂ ನಾಳೆ ಬತ್ತಾಳೆ.