ಲೆನ್ಸಿನ ಮೇಲಿನ ಪದರ

ಪ್ರೀತಿಯ ಅಕ್ಕ,

ಮೈಸೂರಿನ ಹತ್ತಿರ ಇಲವಾಲದ ಲ್ಯಾಬಿಗೆ ಸೇರಿದೆ. ಇಲ್ಲಿ ದೂರದರ್ಶಕಕ್ಕೆ ಮಾಡುವ ಸಿಲಿಕಾನ್ ಲೆನ್ಸ್ ನೋಡಿದರೆ ಕರಿಗಲ್ಲು! ಕಣ್ಣಿಗೆ ಆಚೆಯದೇನೂ ಕಾಣದು, ಆದರೆ ಆಕಾಶದ ಸೂಕ್ಷ್ಮ ರೇಡಿಯೊ ಅಲೆಗಳು ದಾಟುತ್ತವೆ. ಅವು ತಗುಲಿ ವಾಪಸಾಗದಂತೆ ಮೇಲೊಂದು ತೆಳು ಪ್ಲಾಸ್ಟಿಕ್ ಪದರ ಅಂಟಿಸುವುದು ನನ್ನ ಕೆಲಸ. ದೂರದರ್ಶಕದೊಳಗೆ ಲೆನ್ಸ್ ಕಡುಚಳಿಯಲ್ಲಿ ಇರಬೇಕಂತೆ, ಅದಕ್ಕೇ ನಿನ್ನೆ ಪರೀಕ್ಷೆಗೆಂದು ದ್ರವ ಸಾರಜನಕದಲ್ಲಿ ತಣಿಸಿದಾಗ ಪದರ ಟಪ್ಪೆಂದು ಎದ್ದುಬಂತು.

"ಲೆನ್ಸ್ ಬಿರುಕು ಬಿಟ್ಟಿಲ್ಲ ಕಣಮ್ಮ, ಇನ್ನೊಂದ್ಸಲ ಅಂಟ್ಸು. ಇರೋದು ಇದೊಂದೇ, ಹುಷಾರು" ಎಂದರು ನಮ್ಮ ಪ್ರಸಾದ್ ಸರ್.

ಮತ್ತೆ ಅಂಟಿಸಿ, ತಣಿಯಲು ಇಟ್ಟು, ಕಾಯುತ್ತಾ ಬರೆಯುತ್ತಿದ್ದೇನೆ. ಆ ಚಳಿ ತಾಗಿ ಬೆರಳಿಗೆ ಬೊಬ್ಬೆ ಬಂದಿದೆ, ಅಮ್ಮನಿಗೆ ಹೇಳಬೇಡ.

ಅಕ್ಕ, ಈಗಷ್ಟೇ ಹೊರತೆಗೆದರು. ಪದರ ಎದ್ದಿಲ್ಲ! ಲೆನ್ಸಿನ ಇನ್ನೊಂದು ಮುಖಕ್ಕೂ ಅಂಟಿಸಬೇಕಂತೆ, ಸರ್ ಕರೆಯುತ್ತಿದ್ದಾರೆ.

ನಿನ್ನ ಸಿಂಚನ