ಸೌನಾ ಹಿಂದಿನ ಪುವೊಲುಕ್ಕ

ಕುಹ್ಮೊ, ಸೆಪ್ಟೆಂಬರ್ ೧೮

ಪ್ರೀತಿಯ ತಮ್ಮ ಆರ್ವೋಗೆ,

ಬೆನ್ನುನೋವು ಹೇಗಿದೆ? ನಾರ್ವೆಯ ಆ ಮೀನುದೋಣಿಯಲ್ಲಿ ಒದ್ದೆ ಸ್ವೆಟರ್‌ನಲ್ಲೇ ಮಲಗಬೇಡ ಎಂದು ಎಷ್ಟು ಸಲ ಬರೆಯಲಿ. ಇಲ್ಲಿ ನಾನಿದ್ದೇನೆ, ಅಷ್ಟೇ. ಅಮ್ಮನನ್ನು ಎಬ್ಬಿಸಿ, ಕೂರಿಸಿ, ಮತ್ತೆ ಮಲಗಿಸುವಷ್ಟರಲ್ಲಿ ನನ್ನ ದಿನ ಮುಗಿದಿರುತ್ತದೆ. ಸಾಕಾಗಿ ಹೋಗಿದೆ ಕಣೋ.

ಸೊಂಟದ ಮೂಳೆ ಮುರಿದ ಮೇಲೆ ಅಮ್ಮ ಕಾಡಿನ ಮುಖ ನೋಡಿಲ್ಲ. ಆದರೂ ಸೆಪ್ಟೆಂಬರ್ ಬಂತೆಂದರೆ ಅವಳ ಮನಸ್ಸೆಲ್ಲ ಆ ಕೆಂಪು ಹುಳಿ ಪುವೊಲುಕ್ಕ ಹಣ್ಣು ಕೀಳುತ್ತಿದ್ದ ತನ್ನ ಜಾಗದಲ್ಲೇ. ಆ ಜಾಗ ಯಾವುದೆಂದು ಅಜ್ಜಿ ಅವಳಿಗೆ ಹೇಳಿದ್ದು ಸಾಯುವ ಹೊತ್ತಿಗೆ. ಅಪ್ಪನ ಹತ್ತಿರವೂ ಅವಳು ಬಾಯಿ ಬಿಟ್ಟವಳಲ್ಲ. ಈಗ ಅದನ್ನು ನಿನಗೊಬ್ಬನಿಗೇ ಒಪ್ಪಿಸುತ್ತಾಳಂತೆ. ನನಗೇಕೆ ಹೇಳುವುದಿಲ್ಲ ಎಂದು ಕೇಳಿದೆ. "ನಿನ್ನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ ಸೈಮಿ. ಬೆಳಗಾಗೋದ್ರೊಳಗೆ ಊರೆಲ್ಲ ಬಕೆಟ್ ಹಿಡ್ಕೊಂಡು ಬಂದಿರುತ್ತೆ" ಅಂದಳು. ಅವಳ ಕಾಲಿನ ಉಗುರು ಕತ್ತರಿಸುತ್ತಾ ಕೇಳಿಸಿಕೊಂಡೆ. ನೋವಾಯಿತು, ಇಲ್ಲವೆನ್ನಲಾರೆ.

ನಮ್ಮ ಹಬೆಸ್ನಾನದ ಸೌನಾ ಕೋಣೆಯ ಹಿಂದೆ ನಾನು ನೆಟ್ಟ ಪುವೊಲುಕ್ಕ ಈ ಸಲ ಚೆನ್ನಾಗಿ ಹಣ್ಣು ಬಿಟ್ಟಿದೆ. ಕಾಡು ತುಂಬ ಪುಕ್ಕಟೆ ಸಿಗುವುದನ್ನು ಮನೆಯಲ್ಲಿ ಬೆಳೆಸುವ ಹುಚ್ಚಿ ಎಂದು ಪಕ್ಕದ ಮನೆಯ ಹಿಲ್ಯಾ ಇನ್ನೂ ಆಡಿಕೊಂಡು ನಗುತ್ತಾಳೆ. ಮೊದಲ ವರ್ಷ ಆಲೂಗಡ್ಡೆಗೆ ಹಾಕುವ ಹಾಗೆ ಸೌನಾ ಒಲೆಯ ಬೂದಿ ಹಾಕಿ ಅರ್ಧ ಗಿಡಗಳನ್ನು ಕೊಂದೆ. ಆಮೇಲೆ ಜೌಗಿನ ಹುಳಿಮಣ್ಣು ಹೊತ್ತು ತಂದು ಸುರಿದು, ಪೈನ್ ಮರದ ಒಣ ಎಲೆ ಹೊದಿಸಿ, ಗೊಬ್ಬರವಿಲ್ಲದೆ ಬಿಟ್ಟೆ. ಉಪಚಾರ ಮಾಡಿದರೆ ಸಾಯುವ ಗಿಡ ಅದು, ನಮ್ಮಮ್ಮನ ಸ್ವಭಾವವೇ. ಉಳಿದವು ಹಿಮದಡಿಯಲ್ಲೂ ಹಸಿರಾಗಿಯೇ ಇದ್ದು, ಗೇಣಿಗಿಂತ ಮೇಲೇಳದೆ ನೆಲದುದ್ದಕ್ಕೂ ಹಬ್ಬಿವೆ. ಮೊನ್ನೆ ಹಣ್ಣು ಜಜ್ಜಿ ಗಂಜಿಯ ಮೇಲೆ ಹಾಕಿಕೊಟ್ಟರೆ ಅಮ್ಮ ಬಟ್ಟಲನ್ನೇ ತಳ್ಳಿದಳು. "ಹಿತ್ತಿಲದ್ದಾ? ಕೋಳಿಗೆ ಹಾಕು. ಆರ್ವೋ ನನ್ನ ಜಾಗದಿಂದ ತರ್ತಾನಲ್ಲ, ಆಗ ತಿಂತೀನಿ." ಗಂಜಿಯನ್ನೂ ಮುಟ್ಟಲಿಲ್ಲ. ದಿನದಿನಕ್ಕೆ ಅವಳ ಊಟ ಕಡಿಮೆಯಾಗುತ್ತಿದೆ. ನನಗೆ ಭಯವಾಗುತ್ತಿದೆ, ಆರ್ವೋ. ರಜೆ ಸಿಕ್ಕ ಕೂಡಲೇ ಹೊರಟು ಬಾ.

ದೋಣಿಯವರಿಗೆಲ್ಲ ನನ್ನ ನೆನಪು ಹೇಳು. ಸಮುದ್ರ ನಿನ್ನನ್ನು ನೆಟ್ಟಗೆ ದಡಕ್ಕೆ ಕಳಿಸಲಿ.

ನಿನ್ನ ಅಕ್ಕ,
ಸೈಮಿ

ಮತ್ತೆ, ಫೋನಿನಲ್ಲಿ ಹೇಳಲಾಗದು, ಅಮ್ಮನ ಕಿವಿ ಇನ್ನೂ ಚುರುಕು. ನೀನು ಬಂದಾಗ ನನ್ನನ್ನು ಹೊರಗೆ ಕಳಿಸಿ ನಿನಗೆ ದಾರಿ ಹೇಳುತ್ತಾಳೆ: ಕೆರೆಯಾಚೆಯ ಗುಡ್ಡ, ಸೀಳು ಬಂಡೆಯ ಬಲಕ್ಕೆ. ಚಿಕ್ಕವಳಿದ್ದಾಗ ಅವಳ ಹಿಂದೆಯೇ ಹೋಗಿ ನೋಡಿದ್ದೆ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನೀನು ಅಲ್ಲಿಗೆ ಹೋಗಬೇಡ. ಮರ ಕಡಿದು ಗುಡ್ಡವನ್ನೆಲ್ಲ ಬೋಳಿಸಿ, ಯಂತ್ರದಿಂದ ನೆಲ ಉತ್ತು ಹಾಕಿದ್ದಾರೆ. ಅಮ್ಮನಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಯಂತ್ರ ಬರುವ ಮುಂಚೆ ಅಲ್ಲಿಂದ ಅಗೆದು ತಂದವೇ ಈ ಗಿಡಗಳು. ಅವಳು ಹೇಳಿದ್ದಕ್ಕೆಲ್ಲ ಹೂಂ ಅನ್ನು, ಬಕೆಟ್ ಹಿಡಿದು ಹೊರಡು, ಸೌನಾದ ಹಿಂದೆ ಕೂತು ಕಿತ್ತುಕೋ. ಬೇಗ ಒಳಗೆ ಬರಬೇಡ. ಬರುವಾಗ ಬೂಟಿಗೆ ಒಂದಿಷ್ಟು ಕೆಸರು ಮೆತ್ತಿಕೊಂಡು ಬಾ.