ಜಮಖಾನದ ಆಚೆ

೩-೮-೧೯೯೮, ಸೋಮವಾರ

ಶೇಂಗಾ ಹೊಲದ ಕಳೆ ಅರ್ಧ ಆಯಿತು. ಸಂಜೆ ಚರ್ಚಿನಲ್ಲಿ ಸ್ತ್ರೀ ಸಂಘದ ಪ್ರಾರ್ಥನೆ. ಪಾಲಮ್ಮ ಕಣ್ಣು ಮುಚ್ಚಿದವಳು ಹಾಗೇ ನಿದ್ದೆ ಹೋದಳು. ಎಬ್ಬಿಸಿದರೆ, “ನಿದ್ದಿ ಅಲ್ಲಬೇ, ದೇವರ ಕೂಡ ಮಾತಾಡಾಕ ಹತ್ತಿದ್ದೆ” ಎಂದಳು. ಗೊರಕೆ ಹೊಡೆಯುತ್ತಾ ಮಾತಾಡುವವಳು ಇವಳೊಬ್ಬಳೇ.

ಆದರೂ ಹೇಳಬೇಕು — ಹರಪನಹಳ್ಳಿ ಸೀಮೆಯಲ್ಲಿ ನಮ್ಮಷ್ಟು ಗಟ್ಟಿ ಸಂಘ ಇನ್ನೊಂದಿಲ್ಲ. ನಾನು ಸೆಕ್ರೆಟರಿ ಅಂತ ಹೇಳುತ್ತಿಲ್ಲ. ಸೆಕ್ರೆಟರಿಯೂ ಹೌದು.

೬-೮, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ನಮ್ಮ ಅಯ್ಯನವರು... ಇಷ್ಟು ವರ್ಷ ನಮಗೆ ಉಪದೇಶ ಹೇಳಿದ ಪಾಸ್ಟರು. ನಿನ್ನೆ ಮಧ್ಯಾಹ್ನ ಚರ್ಚಿನ ಹಿಂದಿನ ಕೋಣೆಯಲ್ಲಿ ಕೋಮಲಾಳ ಜೊತೆ ಸಿಕ್ಕಿಬಿದ್ದರು. ಕಂಡವರು ಸಭೆಯ ಹಿರಿಯ ಮಾರಣ್ಣ. ಸುಳ್ಳು ಹೇಳುವವರಲ್ಲ. ಕೋಮಲಾ ಗಂಡ ಸತ್ತವಳು, ಚರ್ಚಿನ ಕಸ ಹೊಡೆಯುತ್ತಾಳೆ. ಒಬ್ಬಳೇ ಮಗಳು ಮಿಷನ್ ಹಾಸ್ಟೆಲಿನಲ್ಲಿ ಓದುತ್ತಾಳೆ.

ಸೈತಾನ ಆ ಹೆಣ್ಣಿನ ರೂಪದಲ್ಲಿ ಬಂದ ಅಂತ ಅಯ್ಯನವರು ಅತ್ತರಂತೆ.

ನನಗೆ ಮೊದಲು ಹೊಳೆದದ್ದು ಏನು? ಊರವರು ನಗುತ್ತಾರೆ ಅಂತ. ಆಮೇಲೆ — ಕೋಮಲಾ ಇಂಥವಳಾ ಅಂತ.

೮-೮, ಶನಿವಾರ

ಸಭೆಯ ಕಮಿಟಿ ಕೂಡಿತ್ತು. ನಮ್ಮ ಮನೆಯವರೂ ಹಿರಿಯರಲ್ಲೊಬ್ಬರು, ಹೋಗಿದ್ದರು. ತೀರ್ಮಾನ ಇದು: ಅಯ್ಯನವರಿಗೆ ಬೇರೆ ಊರಿಗೆ ವರ್ಗ. ಕಾರಣ ಯಾರೂ ಬಾಯಿ ಬಿಡಬಾರದು. ಬರುವ ವಾರ ಪ್ರಭುಭೋಜನದ ಭಾನುವಾರ, ಅವತ್ತೇ ಶಾಲು ಹಾರ ಹಾಕಿ ಬೀಳ್ಕೊಡುವುದು, ಹೋಳಿಗೆ ಊಟ. ಕೋಮಲಾ ಮಾತ್ರ ಕ್ರಿಸ್‌ಮಸ್ ತನಕ ಜಮಖಾನ ಬಿಟ್ಟು ಕೂಡಬೇಕು.

ನಮ್ಮ ಚರ್ಚಿನಲ್ಲಿ ಬೆಂಚಿಲ್ಲ. ಎಡಕ್ಕೆ ಹೆಂಗಸರ ಜಮಖಾನ, ಬಲಕ್ಕೆ ಗಂಡಸರದು. ತಪ್ಪು ಮಾಡಿದವರು ಬಾಗಿಲ ಹತ್ತಿರ ಬರೀ ಕಲ್ಲಿನ ಮೇಲೆ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಅವರಿಗಿಲ್ಲ. ನಮ್ಮ ತಾತನ ಕಾಲದಿಂದ ನಡೆದು ಬಂದದ್ದು. ಕುಡಿದು ಹೆಂಡತಿಗೆ ಹೊಡೆದವರು ಕೂತಿದ್ದಾರೆ. ಕೂತು ನೆಟ್ಟಗೂ ಆಗಿದ್ದಾರೆ.

“ಅಯ್ಯನವರು ಯಾವ ಕಲ್ಲಿನ ಮ್ಯಾಲ ಕೂಡ್ತಾರ?” ಎಂದು ಕೇಳಿದೆ.

“ಪಾಸ್ಟರನ್ನ ನೆಲಕ್ಕ ಕೂಡಿಸಿದ್ರ ಸಭಿ ಉಳಿತೈತೇನು? ನೀನು ಹೋಳಿಗಿ ಕಡೆ ನೋಡು” ಎಂದರು.

ಹೋಳಿಗೆ ಸಂಘದ ಕೆಲಸ. ಬೇಳೆ ಬೆಲ್ಲದ ಲೆಕ್ಕಕ್ಕೆ ಕೂತೆ.

೧೨-೮, ಬುಧವಾರ

ಪ್ರಭುಭೋಜನಕ್ಕೆ ಮುಂಚಿನ ವಾರ. ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುವ ವಾರ. ಯಾರ ಮೇಲೆ ಮನಸ್ಸು ಕೆಟ್ಟಿದೆಯೋ ಅವರ ಮನೆಗೆ ಹೋಗಿ ಸರಿ ಮಾಡಿಕೊಂಡು ಬರಬೇಕು. ಮೊಣಕಾಲೂರಿದೆ. ಕಣ್ಣು ಮುಚ್ಚಿದರೆ ಕೋಮಲಾಳ ಮುಖ. ಎದ್ದು ಹೋದೆ.

ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ಏನಾಯಿತವ್ವಾ, ನೀನೇ ಹೇಳು ಎಂದೆ. ಮೊರ ಕೆಳಗಿಟ್ಟಳು.

“ನನ್ನ ಯಾರೂ ಕೇಳಿದ್ದಿಲ್ಲ ದೊಡ್ಡವ್ವ. ಮಾರಣ್ಣ ಮಾವ ಬಾಗಲಾ ತೆಗೆದ. ಅವರನ್ನ ಕುರ್ಚಿ ಮ್ಯಾಲ ಕೂಡಿಸಿದ. ನನ್ನ, ಹೊರಗ ಹೋಗು ಅಂದ.”

ಮಗಳ ಹಾಸ್ಟೆಲ್ ಸೀಟಿಗೆ ವರ್ಷ ವರ್ಷ ಪಾಸ್ಟರ ಕಾಗದ ಬೇಕು. ಈ ವರ್ಷ ಆ ಕಾಗದಕ್ಕೆ ಕೋಣೆಗೆ ಬಾ ಎಂದರಂತೆ. ಒಲ್ಲೆ ಎಂದಳಂತೆ. ಹಾಗಾದರೆ ಮಗಳನ್ನು ಕರೆತಂದು ಆಡು ಕಾಯಿಸು ಎಂದರಂತೆ. ಕಾಗದ ಕೊಟ್ಟ ಮೇಲೂ ಬಿಡಲಿಲ್ಲ.

ಇಬ್ಬರೂ ಕೂತು ಜೋಳ ಹಸನು ಮಾಡಿದೆವು.

ಮನೆಗೆ ಬಂದು ಪ್ರಾರ್ಥನೆಗೆ ಕೂತೆ. ಇಷ್ಟು ದಿನ ಏನು ಬೇಡಿದ್ದೆ? ಸಭೆಯ ಮಾನ ಕಾಯಪ್ಪಾ ಅಂತ. ಅದು ನನ್ನ ಮಾನ. ಸಂಘದ ಸೆಕ್ರೆಟರಿಯ ಮಾನ. ಕರ್ತನೇ, ನನ್ನನ್ನು ಕ್ಷಮಿಸು.

ಉಣ್ಣುವಾಗ ಇವರಿಗೆ ಎಲ್ಲ ಹೇಳಿದೆ. ತುತ್ತು ಕೈಯಲ್ಲೇ ನಿಂತಿತು. ವರ್ಗದ ತೀರ್ಮಾನ ಬರೆದು ಮೇಲಕ್ಕೆ ಕಳಿಸಿ ಆಗಿದೆ, ಹರಪನಹಳ್ಳಿಯಿಂದ ಈ ಸೀಮೆಯ ಚರ್ಚುಗಳ ಚೇರ್ಮನ್ನರೇ ಬರುತ್ತಾರೆ, ಈಗ ಹೇಗೆ ಎಂದರು. ಹೋಳಿಗೆ ಮಾಡುವುದಿಲ್ಲ ಎಂದೆ. ಕೈ ತೊಳೆದು ಎದ್ದರು.

೧೫-೮, ಶನಿವಾರ

ಶಾಲೆಯಲ್ಲಿ ಬಾವುಟ ಏರಿಸಿದರು. ಕೋಮಲಾಳೇ ಎಲ್ಲರಿಗೂ ಹೇಳು ಅಂದ ಮೇಲೆ ಸಂಘದವರ ಮನೆ ಮನೆಗೆ ಹೋಗಿ ನಡೆದದ್ದು ಹೇಳಿದೆ. ನೀವೂ ಬರ್ರಿ ಅನ್ನಲಿಲ್ಲ. ನಾಳೆ ನಾನು ಅವಳ ಪಕ್ಕ ಕೂಡುತ್ತೇನೆ ಎಂದಷ್ಟೇ. ಕೆಲವರು ಸುಮ್ಮನೆ ಕೇಳಿದರು. ಒಬ್ಬಳು ಬಾಗಿಲು ಮುಂದಕ್ಕೆ ಮಾಡಿದಳು.

೧೬-೮, ಭಾನುವಾರ, ಮಧ್ಯಾಹ್ನ ೩

ನಡೆದದ್ದನ್ನು ನಡೆದ ಹಾಗೆ ಬರೆಯಲೇಬೇಕು.

ಅಯ್ಯನವರು ಮುಂದೆ ಕುರ್ಚಿಯ ಮೇಲೆ. ಟೇಬಲ್ ಮೇಲೆ ಶಾಲು. ಕೋಮಲಾ ಬಾಗಿಲ ಹತ್ತಿರ, ತಲೆಯ ಮೇಲೆ ಸೆರಗು. ಚೇರ್ಮನ್ನರು ರೊಟ್ಟಿ ಮುರಿದರು. ನಾನು ಎದ್ದೆ. ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ನಡೆದು ಅವಳ ಪಕ್ಕ ಕೂತೆ. ಕಲ್ಲು ತಣ್ಣಗಿತ್ತು.

ಯಾರೂ ಅಲುಗಲಿಲ್ಲ. ಒಬ್ಬಳೇ ಆದೆ ಅಂದುಕೊಂಡೆ. ಆಗ ಪಾಲಮ್ಮ ಗೋಡೆ ಹಿಡಿದು ಎದ್ದಳು. ನರಳುತ್ತಾ ಬಂದು ಕೂತು ನನ್ನ ಕಿವಿಯಲ್ಲಿ, “ಏಳಾಕ ಬರಲಿಲ್ಲಂದ್ರ ನೀನ ಎತ್ತಬೇಕು” ಎಂದಳು. ಅವಳ ಹಿಂದೆ ಸಂಘದ ನಾಗಲಿಂಗಮ್ಮ. ಆಮೇಲೆ ಸಾಲು ಸಾಲು. ನಿನ್ನೆ ಬಾಗಿಲು ಮುಚ್ಚಿದವಳೂ ಬಂದಳು. ಹೆಂಗಸರ ಜಮಖಾನ ಖಾಲಿ.

ಚೇರ್ಮನ್ನರು ತಟ್ಟೆ ಹಿಡಿದು ನಿಂತೇ ಇದ್ದರು. ಇದೇನಮ್ಮಾ ಎಂದರು. ಎದ್ದು ನಿಂತೆ.

“ಒಬ್ಬರಿಗೆ ಶಾಲು, ಒಬ್ಬರಿಗೆ ಕಲ್ಲು ಹೆಂಗ್ರಿ? ಈಕಿನ್ನ ಯಾರೂ ಒಂದು ಮಾತು ಕೇಳಿಲ್ಲ. ನೀವಾದ್ರೂ ಕೇಳ್ರಿ.”

ಕೇಳಿದರು. ಕೋಮಲಾ ಎದ್ದಳು. ನನಗೆ ಹೇಳಿದ್ದನ್ನೇ ಹೇಳಿದಳು — ಕಾಗದ, ಕೋಣೆ, ತಾನು ಒಲ್ಲೆ ಎಂದದ್ದು. ದನಿ ಎಲ್ಲೂ ಒಡೆಯಲಿಲ್ಲ. ನಮ್ಮ ಚರ್ಚಿನಲ್ಲಿ ಎಷ್ಟೋ ಪಾಸ್ಟರುಗಳ ಪ್ರಸಂಗ ಕೇಳಿದ್ದೇನೆ, ಇಂಥದ್ದು ಕೇಳಿಲ್ಲ. ಅಯ್ಯನವರು ತಮ್ಮ ಕಾಲ ಬೆರಳು ನೋಡುತ್ತಿದ್ದರು. ಅಲ್ಲ ಎನ್ನಲಿಲ್ಲ.

ಇವರು ದ್ರಾಕ್ಷಾರಸದ ಬಟ್ಟಲು ಹಿಡಿದಿದ್ದರು. ಟೇಬಲ್ ಮೇಲಿಟ್ಟು ಬಂದರು. “ತೀರ್ಮಾನಕ್ಕ ನಾನೂ ಸಹಿ ಹಾಕೀನ್ರಿ” ಎಂದು ಹೇಳಿ ಕಲ್ಲಿನ ಮೇಲೆ ಕೂತುಬಿಟ್ಟರು. ಮಾರಣ್ಣನೂ ಬಂದರು.

ಇವತ್ತು ಪ್ರಭುಭೋಜನ ಆಗಲಿಲ್ಲ. ಶಾಲನ್ನು ಚೇರ್ಮನ್ನರೇ ಮಡಿಚಿ ಚೀಲಕ್ಕೆ ಹಾಕಿಕೊಂಡರು.

ಮನೆಗೆ ಬಂದು ಇವರಿಗೆ ಮಜ್ಜಿಗೆ ಕೊಟ್ಟೆ. ಮದುವೆಯಾದ ದಿನ ಕೂಡ ಈ ಮನುಷ್ಯನನ್ನು ಇಷ್ಟು ಹೊತ್ತು ನೋಡಿರಲಿಲ್ಲ.

೩೦-೮, ಭಾನುವಾರ

ಕೂಡ್ಲಿಗಿಯಲ್ಲಿ ಚೇರ್ಮನ್ನರು ಕರೆದ ವಿಚಾರಣೆ ಆಯಿತು. ಕೋಮಲಾಳ ಜೊತೆ ನಾನೂ ಇವರೂ ಹೋಗಿದ್ದೆವು. ದೊಡ್ಡ ದೊಡ್ಡವರ ಮುಂದೆ ಮತ್ತೆ ಎಲ್ಲ ಹೇಳಿದಳು. ಅಯ್ಯನವರ ಪಾಸ್ಟರಗಿರಿ ತೆಗೆದರು. ಹಾಸ್ಟೆಲ್ ಕಾಗದ ಇನ್ನು ಒಬ್ಬರ ಕೈಯಲ್ಲಿಲ್ಲ. ಕಮಿಟಿ ಕೊಡಬೇಕು, ಅದರಲ್ಲಿ ಇಬ್ಬರು ಹೆಂಗಸರು ಇರಬೇಕು. ಪಾಲಮ್ಮ ಈಗಲೇ ಹೆಬ್ಬೆಟ್ಟು ಬಿಟ್ಟು ಸಹಿ ಕಲಿಯುತ್ತಿದ್ದಾಳೆ.

ಅಂಗಡಿ ಹಾಲಸ್ವಾಮಿ ಬೆಲ್ಲ ಕಟ್ಟುತ್ತಾ, “ನಿಮ್ಮ ಚರ್ಚಿನ ಹೆಂಗಸರು ಗಟ್ಟಿ ಅದಾರ ಬಿಡ್ರಿ” ಎಂದ. ಊರು ನಗುತ್ತದೆ ಅಂದುಕೊಂಡಿದ್ದೆ. ದಾರಿಯುದ್ದಕ್ಕೂ ಎದೆಯುಬ್ಬಿಸಿಕೊಂಡು ಬಂದೆ. ಇದು ಪಾಪವೋ ಏನೋ. ನಾಳೆ ಪರೀಕ್ಷೆ ಮಾಡಿಕೊಂಡರಾಯಿತು.

೬-೯, ಭಾನುವಾರ, ಬೆಳಿಗ್ಗೆ ೭

ಇವತ್ತು ಪ್ರಭುಭೋಜನ. ಸಭೆಯ ಪ್ರಾರ್ಥನೆ ನನ್ನ ಸರದಿ. ಬಿದ್ದವರಿಗಾಗಿಯೂ ಬೇಡಬೇಕು, ಅದು ಬಿಡುವಂತಿಲ್ಲ. ಮನೆಯಲ್ಲೇ ಕೂತು ಅಯ್ಯನವರ ಹೆಂಡತಿ ಮಕ್ಕಳಿಗೆ ಸಲೀಸಾಗಿ ಬೇಡಿದೆ, ಕಣ್ಣೀರೂ ಬಂತು. ಅವರಿಗಾಗಿ ಬೇಡಲು ಬಾಯಿ ಏಳುತ್ತಿಲ್ಲ. ಕ್ಷಮಿಸು ಎನ್ನಲೇ? ಕೋಮಲಾ ಇರುವಾಗ ಅದನ್ನು ನಾನು ಹೇಳುವುದು ಹೇಗೆ? ಒಬ್ಬರೇ ಇದ್ದಾಗಲಾದರೂ ನಿಜ ಒಪ್ಪಿಕೊಳ್ಳುವ ಧೈರ್ಯ ಅವರಿಗೆ ಕೊಡು ಎನ್ನಲೇ? ಅಷ್ಟು ಬೇಡಬಹುದು. ಬೇಡುತ್ತೇನೆ. ಬರೆದು ನೋಡುತ್ತೇನೆ, ಬಾಯಿಗೆ ಬಂದೀತು —

ಕರ್ತನೇ, ಆತನನ್ನು